ಫೆಬ್ರವರಿಯ ಹಣ್ಣು, ಏಪ್ರಿಲ್ಲಿನ ನೀರು

2020ರ ಮಳೆಗಾಲದ ಒಂದು ಮಧ್ಯಾಹ್ನ ನನ್ನ ಅಕ್ಕನ ಮಗ ಗದಗ ಜಿಲ್ಲೆಯ ಮುಂಡರಗಿ ಕಡೆಯ ತನ್ನ ಊರಿನಿಂದ ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಗೆ ಬಂದವನು, ಕೊಟ್ಟ ಚಹಾ ಆರುವ ಮುನ್ನವೇ, "ಮಾಮಾ, ನಮ್ಮ ಮಸಾರಿ ಹೊಲದಾಗ ವೈನ್ ದ್ರಾಕ್ಷಿ ಹಚ್ಚಿದ್ರ ಹೆಂಗ ಆದೀತು?" ಎಂದು ಕೇಳಿದ. ಒಳಗೆ ಮೆಂತೆ ಪಲ್ಲೆ ಸೋಸುತ್ತಿದ್ದ ಅವ್ವ ಅಲ್ಲಿಂದಲೇ, "ಸೆರೇದ ಬೆಳಿ ಬೆಳದು ಮನಿತನದ ಹೆಸರು ಕೆಡಸಬ್ಯಾಡೋ ತಮ್ಮಾ" ಎಂದಳು. ನನಗೆ ನಗು ಬಂತು. ಏಕೆಂದರೆ ಈ ಹುಡುಗ ಹುಟ್ಟಿದಾಗ ಬಾಣಂತಿಯಾಗಿದ್ದ ಅಕ್ಕನಿಗೆ ಊಟವಾದ ಮೇಲೆ ಮುಚ್ಚಳದಲ್ಲಿ ಅಳೆದು ದ್ರಾಕ್ಷಾರಿಷ್ಟ ಕುಡಿಸಿದವಳು ಇದೇ ಅವ್ವ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಮತ್ತು ಧಾತಕಿ ಹೂ ಸೇರಿಸಿ, ಬಾಯಿ ಮುಚ್ಚಿ ಹುದುಗಲು ಬಿಟ್ಟು ತಯಾರಿಸುವ ಆ ಔಷಧಿಯಲ್ಲಿ ಮದ್ಯಸಾರವನ್ನು ಯಾರೂ ಹೊರಗಿನಿಂದ ಬೆರೆಸುವುದಿಲ್ಲ, ಅದು ಪಾತ್ರೆಯೊಳಗೇ ಹುಟ್ಟುತ್ತದೆ. ಬಾಟಲಿಯ ಚೀಟಿಯ ಮೇಲೆ ಅದರ ಪ್ರಮಾಣವನ್ನೂ ಮುದ್ರಿಸಿರುತ್ತಾರೆ. ಇದನ್ನು ಅವ್ವನಿಗೆ ಹೇಳಿದೆ. "ಅದು ಔಷಧ, ಇದು ಚಟ" ಎಂದು ಆಕೆ ಅಲ್ಲಿಗೇ ಮಾತು ಮುಗಿಸಿದಳು.

ನಾನು ವೈನಿನ ರಸಿಕನಲ್ಲ. ಪದವಿಪೂರ್ವ ತರಗತಿಗಳಿಗೆ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ವೈನ್ ಎಂದರೆ ಕರಿಹಲಗೆಯ ಮೇಲೆ ಬರೆಯುವ ಒಂದು ಸಮೀಕರಣವಾಗಿತ್ತು: ಒಂದು ಗ್ಲೂಕೋಸ್ ಅಣು ಒಡೆದು ಎರಡು ಎಥನಾಲ್, ಎರಡು ಇಂಗಾಲದ ಡೈಆಕ್ಸೈಡ್, ತೂಕದ ಲೆಕ್ಕದಲ್ಲಿ ಸಕ್ಕರೆಯ ಶೇ. 51 ಭಾಗ ಮದ್ಯಸಾರವಾದರೆ 49 ಭಾಗ ಗಾಳಿಗೆ ಹೋಗುತ್ತದೆ. ಆದರೆ ಅಳಿಯನ ಪ್ರಶ್ನೆಯಿಂದಾಗಿ ಮುಂದಿನ ಐದು ವರ್ಷ ಅದೇ ವಿಷಯವನ್ನು ಬಳ್ಳಿಯ ಬುಡದಿಂದ ಕಲಿಯಬೇಕಾಯಿತು. 2007ರಲ್ಲಿ ನಮ್ಮ ಸರ್ಕಾರ ಹೊರಡಿಸಿದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಪ್ರತಿಯನ್ನು ಅವನು ಮೊಬೈಲಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಕಡೆ ಕ್ಯಾಬರ್ನೆ ಎಂಬ ಕಪ್ಪು ವೈನ್ ದ್ರಾಕ್ಷಿ ಬೆಳೆದು ಅಲ್ಲೇ ವೈನ್ ಮಾಡುವ ಎಸ್ಟೇಟನ್ನು ಬೇಲಿಯ ಹೊರಗಿನಿಂದ ನೋಡಿಯೂ ಬಂದಿದ್ದ. ಅಲ್ಲಿ ಆಗುವುದಾದರೆ ಕಪ್ಪತಗುಡ್ಡದ ಬುಡದ ಗರಸು ಮಿಶ್ರಿತ ಮಸಾರಿಯ ಕೆಂಪು ಮಣ್ಣಿನಲ್ಲಿ ಏಕೆ ಆಗಬಾರದು ಎಂಬುದು ಅವನ ವಾದ.

ತಿನ್ನುವ ದ್ರಾಕ್ಷಿಗೂ ವೈನ್ ದ್ರಾಕ್ಷಿಗೂ ಇರುವ ಅಂತರವನ್ನು ನಾನು ಅವನಿಗೆ ವಿವರಿಸಲು ಹೊರಟು, ಕೊನೆಗೆ ಅವನ ಬಾಯಿಂದಲೇ ಕಲಿತೆ. "ಮಾಮಾ, ಇದು ಬ್ಯಾಡಗಿ ಮೆಣಸಿನಕಾಯಿ ಇದ್ಧಂಗ" ಎಂದ. ಬ್ಯಾಡಗಿ ಪೇಟೆಗೆ ಬರುವ ಕಡ್ಡಿ, ಡಬ್ಬಿ ತಳಿಗಳನ್ನು ಕೊಳ್ಳುವವರು ಖಾರಕ್ಕಾಗಿ ಕೊಳ್ಳುವುದಿಲ್ಲ, ಸಿಪ್ಪೆಯ ಬಣ್ಣಕ್ಕಾಗಿ ಕೊಳ್ಳುತ್ತಾರೆ. ಕೆಂಪು ವೈನಿನ ದ್ರಾಕ್ಷಿಯಲ್ಲೂ ಬೆಲೆ ಇರುವುದು ಸಿಪ್ಪೆಗೆ. ಬಹುತೇಕ ಕಪ್ಪು ದ್ರಾಕ್ಷಿಗಳ ತಿರುಳು ಬಣ್ಣವಿಲ್ಲದ್ದು. ಬಣ್ಣ, ಒಗರು, ಪರಿಮಳದ ಬಹುಪಾಲು ಸಿಪ್ಪೆಯಲ್ಲಿದೆ, ಉಳಿದ ಒಗರು ಬೀಜದಲ್ಲಿದೆ. ಆದ್ದರಿಂದಲೇ ಕಪ್ಪು ಹಣ್ಣನ್ನು ಹಗುರವಾಗಿ ಹಿಂಡಿ, ಸಿಪ್ಪೆಯನ್ನು ಕೂಡಲೇ ಬೇರ್ಪಡಿಸಿದರೆ ಬಿಳಿ ವೈನ್ ಮಾಡಬಹುದು. ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲಿ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯಿಂದ ಅದನ್ನೇ ಮಾಡುತ್ತಾರೆ. ತಿರುಳೂ ಕೆಂಪಾಗಿರುವ ತಳಿಗಳು ಅಪರೂಪ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನವರಂಗ್ ಅವುಗಳಲ್ಲೊಂದು.

ಹೀಗಾಗಿ ವಿಜಯಪುರದ ಬೆಳೆಗಾರ ಥಾಮ್ಸನ್ ಸೀಡ್‌ಲೆಸ್ ಗೊಂಚಲಿನ ಮಣಿಯನ್ನು ದೊಡ್ಡದು ಮಾಡಲು, ಉದ್ದ ಮಾಡಲು ಏನೇನು ಮಾಡುತ್ತಾನೋ ಅದೆಲ್ಲ ವೈನ್ ದ್ರಾಕ್ಷಿಗೆ ಬೇಡವಾದದ್ದು. ಮಣಿ ಚಿಕ್ಕದಾದಷ್ಟೂ ರಸದ ಪ್ರಮಾಣಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು. ಮಣಿ ಹಿಗ್ಗಿಸುವ ಜಿಬ್ಬರೆಲಿಕ್ ಆಮ್ಲದಲ್ಲಿ ಗೊಂಚಲು ಅದ್ದುವ ಕೆಲಸವಿಲ್ಲ, ಅದಕ್ಕೆ ಕೂಲಿಯಾಳುಗಳ ಹಿಂಡೂ ಬೇಕಿಲ್ಲ. ಪರಿಸರದ ದೃಷ್ಟಿಯಿಂದ ವೈನ್ ದ್ರಾಕ್ಷಿಯ ಪರವಾಗಿ ಹೇಳಬಹುದಾದ ಮೊದಲ ಮಾತು ಇದು. ಇನ್ನುಳಿದ ಮಾತುಗಳು ಇಷ್ಟು ಸುಲಭವಲ್ಲ.

ತಳಿಗಳ ವಂಶಾವಳಿಯನ್ನು ಓದುತ್ತಾ ಹೋದಾಗ ನನಗೆ ಪಾಠ ಮಾಡುವ ಚಾಳಿ ಮತ್ತೆ ತಿರುಗಿತು. ದ್ರಾಕ್ಷಿಗಳ ರಾಜನೆಂದು ಹೊಗಳಿಸಿಕೊಳ್ಳುವ ಕ್ಯಾಬರ್ನೆ ಸೋವಿನ್ಯೋನ್ ಯಾರೂ ಯೋಜಿಸಿ ಮಾಡಿದ ತಳಿಯಲ್ಲ. ಕಪ್ಪು ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ಸೋವಿನ್ಯೋನ್ ಬ್ಲಾಂಕ್ ತೋಟದಲ್ಲಿ ತಾವಾಗಿಯೇ ಬೆರೆತು ಹುಟ್ಟಿದ ಮಗು ಅದು ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಕ್ಯಾರೊಲ್ ಮೆರೆಡಿತ್ ಮತ್ತು ಜಾನ್ ಬೋವರ್ಸ್ 1997ರಲ್ಲಿ ಡಿಎನ್ಎ ಪರೀಕ್ಷೆಯಿಂದ ತೋರಿಸಿದರು. ಶಿರಾಜ್ ಎಂಬ ಹೆಸರು ಕೇಳಿ ಪರ್ಷಿಯಾದ ಶಿರಾಜ್ ನಗರದಿಂದ ಬಂದದ್ದೆಂದು ನಾನೂ ನಂಬಿದ್ದೆ. ಅದರ ತಂದೆತಾಯಿಗಳಾದ ದ್ಯೂರೇಝಾ ಮತ್ತು ಮೊಂದೂಝ್ ಬ್ಲಾಂಶ್ ಎರಡೂ ಆಗ್ನೇಯ ಫ್ರಾನ್ಸಿನ ಹಳ್ಳಿಗಾಡಿನ ತಳಿಗಳೆಂದು ಗೊತ್ತಾದ ಮೇಲೆ ಆ ಕಥೆ ಬಿದ್ದುಹೋಯಿತು. ಅಮೆರಿಕದವರು ತಮ್ಮದೆಂದು ಹೆಮ್ಮೆಪಡುತ್ತಿದ್ದ ಜಿನ್‌ಫಂಡೆಲ್ ಕೊನೆಗೆ ಕ್ರೊಯೇಷಿಯಾದ ಕರಾವಳಿಯ ಹಳೆಯ ಬಳ್ಳಿಯಾಗಿ ಸಿಕ್ಕಿತು.

ನನ್ನ ಹಿತ್ತಲಿನ ಚಪ್ಪರದ ಮೇಲಿರುವುದು ಇವು ಯಾವುವೂ ಅಲ್ಲ, ಬೆಂಗಳೂರು ಬ್ಲೂ. ಇದರ ಮೂಲ ಅಮೆರಿಕದ ಕಾಡುದ್ರಾಕ್ಷಿಯ ಬೆರಕೆ. ಜಗತ್ತಿನ ಬೇರೆಡೆ ಇಸಬೆಲ್ಲಾ ಎನ್ನುವ ತಳಿಯೇ ಇದು ಎನ್ನುತ್ತಾರೆ. ದ್ರಾಕ್ಷಿ ಪೆಪ್ಪರಮೆಂಟು ತಿಂದವರಿಗೆಲ್ಲ ಇದರ ವಾಸನೆ ಪರಿಚಿತ. ಆ ವಾಸನೆಗೆ ಕಾರಣವಾದ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವನ್ನೇ ಮಿಠಾಯಿಯವರು ಪ್ರಯೋಗಾಲಯದಲ್ಲಿ ತಯಾರಿಸಿ ಬಳಸುತ್ತಾರೆ. ವೈನ್ ಬಲ್ಲವರು ಈ ವಾಸನೆಗೆ ಮೂಗು ಮುರಿಯುತ್ತಾರೆ, ಸಿಹಿ ಪೋರ್ಟ್ ವೈನಿಗಷ್ಟೇ ಲಾಯಕ್ಕು ಎನ್ನುತ್ತಾರೆ. ಆದರೆ ನನ್ನ ಚಪ್ಪರದ ಬಳ್ಳಿಗೆ ಹನ್ನೊಂದು ವರ್ಷದಲ್ಲಿ ನಾನು ಔಷಧಿ ಹೊಡೆದದ್ದು ಬೆರಳೆಣಿಕೆಯಷ್ಟು ಸಲ. ದಪ್ಪ ಸಿಪ್ಪೆ, ರೋಗಕ್ಕೆ ಸುಲಭವಾಗಿ ಬಗ್ಗದ ಎಲೆ. ಯುರೋಪಿನ ಸಂಶೋಧಕರು ಈಗ ಅಮೆರಿಕ ಮತ್ತು ಏಷ್ಯಾದ ಕಾಡುಬಳ್ಳಿಗಳ ರೋಗನಿರೋಧಕ ಗುಣವನ್ನು ತಮ್ಮ ತಳಿಗಳಿಗೆ ಸೇರಿಸಿ ರೀಜೆಂಟ್, ಸೊಲಾರಿಸ್‌ನಂಥ ಹೊಸ ತಳಿಗಳನ್ನು ಮಾಡಿದ್ದಾರೆ. ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯೂ ಕಟಾಬಾ ಎಂಬ ಅಮೆರಿಕನ್ ತಳಿಯನ್ನು ಬ್ಯೂಟಿ ಸೀಡ್‌ಲೆಸ್ ಜೊತೆ ಕೂಡಿಸಿ ಎಆರ್‌ಐ-516 ಎಂಬ ತಳಿಯನ್ನು ಹೊರತಂದಿದೆ. ಸುಸ್ಥಿರ ವೈನಿನ ಬಗ್ಗೆ ನಿಜವಾಗಿ ಆಸ್ಥೆ ಇರುವವರು ಮೊದಲು ತಮ್ಮ ನಾಲಿಗೆಯ ಅಹಂಕಾರವನ್ನು ಸ್ವಲ್ಪ ಬಿಡಬೇಕಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಅಳಿಯನಿಗೆ ಈ ಮಾತು ರುಚಿಸಲಿಲ್ಲ. ಕೊಳ್ಳುವ ವೈನರಿ ಕೇಳುವುದು ಕ್ಯಾಬರ್ನೆ, ಶಿರಾಜ್, ಶೆನಿನ್ ಬ್ಲಾಂಕ್. ನಾವು ಹಚ್ಚಿದ್ದೂ ಅವನ್ನೇ.

ಇಪ್ಪತ್ತು ಗುಂಟೆ, ಎಂಟು ಅಡಿಗೊಂದು ಸಾಲು, ಸಾಲಿನಲ್ಲಿ ನಾಲ್ಕು ಅಡಿಗೊಂದು ಬಳ್ಳಿ, ಒಟ್ಟು 680 ಬುಡಗಳು. 2021ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ತಾಸಗಾಂವ ಕಡೆಯ ನರ್ಸರಿಯಿಂದ ಬೇರುಸಸಿ ತಂದು ನೆಟ್ಟೆವು, ಸೆಪ್ಟೆಂಬರಿನಲ್ಲಿ ಆ ಕಡೆಯಿಂದಲೇ ಬಂದ ಕಸಿಗಾರರು ಎರಡು ದಿನದಲ್ಲಿ ಅಷ್ಟಕ್ಕೂ ಕಸಿ ಕಟ್ಟಿದರು. ಬೇರು ಒಂದು ಜಾತಿಯದು, ಮೇಲಿನ ಬಳ್ಳಿ ಇನ್ನೊಂದು ಜಾತಿಯದು ಎಂಬ ಈ ಪದ್ಧತಿಯನ್ನು ಜಗತ್ತು ಕಲಿತದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ಒಣಗಿಸಿದಾಗ, ಆ ಹೇನನ್ನು ತಾಳಿಕೊಳ್ಳುವ ಅಮೆರಿಕನ್ ಬೇರುಗಳ ಮೇಲೆ ಫ್ರೆಂಚ್ ತಳಿಗಳನ್ನು ಕಟ್ಟಿ ಉಳಿಸಿಕೊಂಡರು. ನಮ್ಮಲ್ಲಿ ಬೇರುಸಸಿಯನ್ನು ಆರಿಸುವುದಕ್ಕೆ ಹೇನಿಗಿಂತ ಬರ ಮತ್ತು ಸವಳು ಕಾರಣ. ಅದಕ್ಕಾಗಿ ಎಲ್ಲರೂ ಡಾಗ್ರಿಜ್ ಎಂಬ ಬೇರುಸಸಿ ಹಾಕುತ್ತಾರೆ. ನಾವೂ ಅದನ್ನೇ ಹಾಕಿದೆವು, ನನ್ನ ಹಟಕ್ಕೆ ಶಿರಾಜಿನ ಎರಡು ಸಾಲುಗಳಿಗೆ ಮಾತ್ರ 110ಆರ್ ಎಂಬ ಬೇರೆ ಬೇರನ್ನು ತರಿಸಿದೆವು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಫ್ರಾನ್ಸಿನಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ, ಶರತ್ಕಾಲದಲ್ಲಿ ಹಣ್ಣು ಕೊಡುತ್ತದೆ, ವರ್ಷಕ್ಕೊಂದು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವ ಕೆಲಸ. ನಮ್ಮ ಬಯಲುಸೀಮೆಯಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿ ಇಲ್ಲ. ಆದ್ದರಿಂದ ಇಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ. ಏಪ್ರಿಲ್ಲಿನಲ್ಲಿ ಬಳ್ಳಿಯನ್ನು ಗಿಡ್ಡಕ್ಕೆ ಕತ್ತರಿಸಿ ಹೊಸ ಕಡ್ಡಿಗಳನ್ನು ಬೆಳೆಸಬೇಕು. ಅಕ್ಟೋಬರಿನಲ್ಲಿ ಆ ಕಡ್ಡಿಗಳನ್ನು ಕತ್ತರಿಸಿ ಹಣ್ಣಿಗೆ ಬಿಡಬೇಕು. ಜನವರಿಯ ತಂಪು ರಾತ್ರಿಗಳಲ್ಲಿ ಹಣ್ಣು ಹುಳಿಯನ್ನು ಕಳೆದುಕೊಳ್ಳದೆ ಸಕ್ಕರೆ ತುಂಬಿಕೊಂಡು ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲಿಗೆ ಬರಬೇಕು. ರಾತ್ರಿ ಬಿಸಿಯಾದರೆ ಮಣಿಯೊಳಗಿನ ಮ್ಯಾಲಿಕ್ ಆಮ್ಲವನ್ನು ಬಳ್ಳಿ ತನ್ನ ಉಸಿರಾಟಕ್ಕೆ ಸುಟ್ಟುಕೊಳ್ಳುತ್ತದೆ, ವೈನು ಸಪ್ಪೆಯಾಗುತ್ತದೆ. ಬೇಸಗೆ ಬರುವ ಮೊದಲೇ ಹಣ್ಣು ತೆಗೆದುಕೊಳ್ಳುವ ಈ ಜಾಣತನದಿಂದಲೇ ದಖನ್ನಿನಲ್ಲಿ ವೈನ್ ಸಾಧ್ಯವಾಗಿದೆ.

ಆದರೆ ಫೆಬ್ರವರಿಯಲ್ಲಿ ಎಷ್ಟು ಗೊಂಚಲು ಬರುತ್ತದೆ ಎಂಬುದು ಏಪ್ರಿಲ್ ಚಾಟ್ನಿಯ ನಂತರದ ನಲವತ್ತರಿಂದ ಅರವತ್ತು ದಿನಗಳಲ್ಲೇ ತೀರ್ಮಾನವಾಗಿರುತ್ತದೆ. ಹೊಸ ಕಡ್ಡಿಯ ಪ್ರತಿಯೊಂದು ಕಣ್ಣಿನೊಳಗೆ ಮುಂದಿನ ಗೊಂಚಲಿನ ಮೊಳಕೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ರೂಪುಗೊಳ್ಳುವುದು ಆಗಲೇ. ಅಕ್ಟೋಬರಿನ ಮೊದಲು ಬೆಳೆಗಾರರು ಕಣ್ಣುಗಳನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷೆ ಮಾಡಿಸಿ, ಎಷ್ಟನೆಯ ಕಣ್ಣಿಗೆ ಕತ್ತರಿ ಹಾಕಬೇಕೆಂದು ನಿರ್ಧರಿಸುವುದು ಇದಕ್ಕಾಗಿಯೇ. ಈ ಅವಧಿಯಲ್ಲಿ ನೀರು ಹೆಚ್ಚಾದರೆ ಕಡ್ಡಿ ಸೊಕ್ಕಿ ಎಲೆಯಷ್ಟೇ ಬೆಳೆಯುತ್ತದೆ, ತೀರಾ ಕಡಿಮೆಯಾದರೆ ಕಡ್ಡಿಯೇ ಬಲಿಯುವುದಿಲ್ಲ. ಅಳತೆಯ ನೀರು ಬೇಕು, ಅದೂ ವರ್ಷದಲ್ಲೇ ನೀರಿಲ್ಲದ ಎರಡು ತಿಂಗಳಲ್ಲಿ ಬೇಕು. ಗದಗ ಸೀಮೆಯಲ್ಲಿ ವರ್ಷದ ಸರಾಸರಿ ಮಳೆಯೇ 600 ಮಿಲಿಮೀಟರಿನ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಬೋರುಗಳು ಗಾಳಿ ಎತ್ತುತ್ತವೆ. ವೈನ್ ಕುಡಿಯುವವರಿಗೆ ಮಾರುವ ಪುಸ್ತಿಕೆಗಳಲ್ಲಿ ಸುಸ್ಥಿರತೆ ಎಂದರೆ ಸೌರಫಲಕ, ಸಾವಯವ ಮುದ್ರೆ, ಹಕ್ಕಿಗೂಡು ಎಂದೆಲ್ಲ ಬರೆದಿರುತ್ತಾರೆ. ಅವು ಬೇಡವೆನ್ನುವುದಿಲ್ಲ. ನಮ್ಮ ಕಡೆ ಮಾತ್ರ ಆ ಶಬ್ದಕ್ಕೆ ಮೊದಲ ಅರ್ಥ, ಏಪ್ರಿಲ್ ಒಂದನೆಯ ತಾರೀಖು ಹೊಂಡದಲ್ಲಿ ಎಷ್ಟು ನೀರಿದೆ ಎಂಬುದು.

ನಮ್ಮ ಲೆಕ್ಕವನ್ನೇ ಹೇಳುತ್ತೇನೆ. ಬಿರುಬೇಸಗೆಯಲ್ಲಿ ಬುಡಕ್ಕೆ ದಿನಕ್ಕೆ ಒಂಬತ್ತು ಲೀಟರಿನಂತೆ ಹನಿ ನೀರಾವರಿಯಲ್ಲಿ ಕೊಟ್ಟರೆ 680 ಬುಡಗಳಿಗೆ ದಿನಕ್ಕೆ ಸುಮಾರು 6,000 ಲೀಟರು, ಅರವತ್ತು ದಿನಕ್ಕೆ ಮೂರೂವರೆ ಲಕ್ಷ ಲೀಟರಿಗಿಂತ ಹೆಚ್ಚು. ಅಳಿಯ ತೆಗೆಸಿದ ಕೃಷಿ ಹೊಂಡ ಮೇಲ್ಭಾಗದಲ್ಲಿ 15 ಮೀಟರ್ ಉದ್ದಗಲ, 3 ಮೀಟರ್ ಆಳ, ಇಳಿಜಾರಿನ ಬದಿಗಳು. ತುಂಬಿದರೆ ಸುಮಾರು 4 ಲಕ್ಷ 40 ಸಾವಿರ ಲೀಟರು. ಕಾಗದದ ಮೇಲೆ ಇದು ಸಾಕು. ಆದರೆ ಮಳೆ ನಿಂತ ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ಬಿಸಿಲಿಗೇ ಸುಮಾರು ಒಂದೂವರೆ ಲಕ್ಷ ಲೀಟರು ಆವಿಯಾಗುತ್ತದೆ ಎಂದು ನಾನು ಲೆಕ್ಕ ಹಾಕಿ ತೋರಿಸಿದಾಗ ಅವನು ನಂಬಲಿಲ್ಲ. ಹೊಂಡದ ನಡುವೆ ಗೆರೆ ಹಾಕಿದ ಬಿದಿರಿನ ಗಳ ನೆಟ್ಟು ವಾರಕ್ಕೊಮ್ಮೆ ಬರೆದುಕೊಂಡ ಮೇಲೆ ನಂಬಿದ. ತಾಡಪತ್ರಿ ಹಾಸಿದ್ದರಿಂದ ನೆಲಕ್ಕೆ ಇಂಗುತ್ತಿರಲಿಲ್ಲ, ಆಕಾಶಕ್ಕೆ ಹೋಗುತ್ತಿತ್ತು.

ಪರೀಕ್ಷೆ ಬಂದದ್ದು 2024ರಲ್ಲಿ. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ್ದರು. ಹೊಂಡ ಅರ್ಧವೂ ತುಂಬಿರಲಿಲ್ಲ, ತುಂಗಭದ್ರೆ ಬತ್ತಿ ಸಿಂಗಟಾಲೂರು ಏತ ನೀರಾವರಿಯ ಕಡೆ ನೋಡುವಂತಿರಲಿಲ್ಲ. ಏಪ್ರಿಲ್ ಚಾಟ್ನಿ ಮಾಡಬೇಕೋ ಬಿಡಬೇಕೋ ಎಂದು ಅಳಿಯ ಮೂರು ದಿನ ಫೋನು ಮಾಡಿದ. ಕೊನೆಗೆ ಎಲ್ಲ ಬಳ್ಳಿಗಳನ್ನೂ ಬದುಕಿಸುವ ಆಸೆ ಬಿಟ್ಟು, ಕ್ಯಾಬರ್ನೆಗೆ ಜೀವ ಹಿಡಿಯುವಷ್ಟೇ ನೀರು ಕೊಟ್ಟು, ಶೆನಿನ್ ಮತ್ತು ಶಿರಾಜಿಗೆ ಅಳತೆಯ ನೀರು ಕೊಡುವುದೆಂದು ಗೊತ್ತುಮಾಡಿದೆವು. ಹತ್ತಿಕಟ್ಟಿಗೆಯನ್ನು ಸಣ್ಣಗೆ ಕತ್ತರಿಸಿ, ಜೋಳದ ಕಣಿಕೆಯ ಚೂರು ಸೇರಿಸಿ ಬುಡದಲ್ಲಿ ಅರ್ಧ ಅಡಿ ದಪ್ಪ ಹೊದಿಸಿದ. ಕಣಿಕೆಯನ್ನು ಎತ್ತಿನ ಬಾಯಿಂದ ತಪ್ಪಿಸಿ ಬಳ್ಳಿಯ ಬುಡಕ್ಕೆ ಹಾಕುವುದನ್ನು ಕಂಡು ಊರಿನ ಹಿರಿಯರೊಬ್ಬರು ಬೈದರಂತೆ; ಬರಗಾಲದಲ್ಲಿ ಅವರ ಮಾತೂ ಸುಳ್ಳಲ್ಲ. ಅಳಿಯನ ಎರಿ (ಕಪ್ಪು ಮಣ್ಣಿನ) ಹೊಲದ ಹಿಂಗಾರಿ ಜೋಳ ಒಂದು ಹನಿ ನೀರನ್ನೂ ಹಾಯಿಸದೆ ಬೆಳೆಯುವಾಗ, ಕಬ್ಬಿಗಿಂತ ಕಡಿಮೆ ನೀರು ಕುಡಿಯುತ್ತದೆ ಎಂಬ ಒಂದೇ ಕಾರಣಕ್ಕೆ ದ್ರಾಕ್ಷಿಯನ್ನು ಬಯಲುಸೀಮೆಯ ಬೆಳೆ ಎಂದು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಹೋಲಿಕೆಗೆ ಕಬ್ಬನ್ನು ತಂದರೆ ಯಾವ ಬೆಳೆಯೂ ಸಂನ್ಯಾಸಿಯಂತೆಯೇ ಕಾಣುತ್ತದೆ.

ಆ ವರ್ಷದ ಅಕ್ಟೋಬರಿನಲ್ಲಿ ಸಮಸ್ಯೆ ತಿರುವುಮುರುವಾಯಿತು. ಹಣ್ಣಿನ ಚಾಟ್ನಿಯಾಗಿ ಎಳೆಯ ಚಿಗುರು ಒಡೆದ ಹೊತ್ತಿಗೆ ಮಳೆ ಹಿಡಿದು ಕುಳಿತಿತು. ಬೆಳೆಗಾರರು ಡೌನಿ ಎಂದು ಕರೆಯುವ ಬೂಜುರೋಗಕ್ಕೆ ಇದಕ್ಕಿಂತ ಒಳ್ಳೆಯ ಹವೆ ಬೇರೆ ಇಲ್ಲ: ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಚುಕ್ಕೆ, ಮರುದಿನ ಕೆಳಗೆ ಬಿಳಿ ಬೂಜು, ವಾರದಲ್ಲಿ ಹೂಗೊಂಚಲು ಕರಕಲು. ಇದಕ್ಕೆ ಹಳೆಯ ಮದ್ದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಮಲೆನಾಡಿನ ಅಡಿಕೆ ಬೆಳೆಗಾರರ ಈ ನಿತ್ಯಸಂಗಾತಿ ಹುಟ್ಟಿದ್ದು ದ್ರಾಕ್ಷಿ ತೋಟದಲ್ಲೇ. ದಾರಿಹೋಕರು ಹಣ್ಣು ಕದಿಯದಿರಲೆಂದು ಬೋರ್ಡೋ ಸೀಮೆಯ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಬಳಿಯುತ್ತಿದ್ದ ನೀಲಿ ಬಣ್ಣದ ಮಿಶ್ರಣ ರೋಗವನ್ನೂ ತಡೆಯುತ್ತದೆ ಎಂಬುದನ್ನು ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ.

ಬೋರ್ಡೋ ದ್ರಾವಣಕ್ಕೆ ಸಾವಯವ ಬೇಸಾಯದಲ್ಲೂ ಅನುಮತಿ ಇದೆ, ಆದ್ದರಿಂದ ಅದು ನಿರುಪದ್ರವಿ ಎಂದು ಅಳಿಯ ನಂಬಿದ್ದ. ನಾನು ಪೆನ್ಸಿಲು ಹಿಡಿದೆ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಅದರಲ್ಲಿ ನಿಜವಾದ ತಾಮ್ರ ಕಾಲುಭಾಗ. ಎಕರೆಗೆ 400 ಲೀಟರ್ ಹೊಡೆದರೆ 1 ಕಿಲೋ ತಾಮ್ರ, ಹೆಕ್ಟೇರಿನ ಲೆಕ್ಕದಲ್ಲಿ ಎರಡೂವರೆ ಕಿಲೋ. ಐರೋಪ್ಯ ಒಕ್ಕೂಟ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರದ ಮಿತಿ ಹಾಕಿದೆ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ. ನಾವು ಎರಡು ಸಲ ಸಿಂಪಡಿಸಿದರೆ ಆ ವರ್ಷದ ಮಿತಿ ದಾಟಿತು. ತಾಮ್ರ ಕೊಳೆಯುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಎರೆಹುಳಕ್ಕೆ ಅದು ಆಗಿಬರುವುದಿಲ್ಲ.

ಈ ಲೆಕ್ಕದಿಂದ ಇನ್ನೊಂದು ಯೋಜನೆಯೂ ಬುಡಮೇಲಾಯಿತು. ನಮ್ಮ ಕಡೆ ಬೇಸಗೆಯಲ್ಲಿ ಕುರುಬರ ಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಅಥವಾ ಹಣ ಕೊಡುವುದು ಹಿಂದಿನಿಂದ ಬಂದ ರೂಢಿ. ನ್ಯೂಜಿಲೆಂಡಿನ ದ್ರಾಕ್ಷಿ ತೋಟಗಳಲ್ಲಿ ಕುರಿ ಮೇಯಿಸಿ ಕಳೆ ತೆಗೆಸುವ ವಿಡಿಯೊ ನೋಡಿದ್ದ ಅಳಿಯ, ನಮ್ಮಲ್ಲಿ ಇದು ಹೊಸದೇನು ಎಂದು ಹಿಗ್ಗಿ, ಕೊಯ್ಲಾದ ಮೇಲೆ ಹಿಂಡು ನಿಲ್ಲಿಸಲು ಮಾತಾಡಿಕೊಂಡೂ ಬಂದಿದ್ದ. ಸಾಕುಪ್ರಾಣಿಗಳಲ್ಲಿ ತಾಮ್ರದ ವಿಷ ಅತಿ ಬೇಗ ಏರುವುದು ಕುರಿಗೆ; ಅದರ ಯಕೃತ್ತು ತಾಮ್ರವನ್ನು ಹೊರಹಾಕದೆ ಕೂಡಿಡುತ್ತದೆ, ತಿಂಗಳುಗಳ ನಂತರ ಒಂದು ದಿನ ಕುರಿ ಸಾಯುತ್ತದೆ. ತಾಮ್ರ ಬಿದ್ದ ಹುಲ್ಲನ್ನು ಬಡ ಕುರಿಗಾರನ ಹಿಂಡಿಗೆ ಮೇಯಿಸಿ, ಅದನ್ನು ಪರಿಸರಸ್ನೇಹಿ ಎನ್ನುವುದು ಹೇಗೆ? ಕುರಿಗಳನ್ನು ಪಕ್ಕದ ಜೋಳದ ಹೊಲದಲ್ಲಿ ನಿಲ್ಲಿಸಿ, ಹಿಕ್ಕೆ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ತಂದೆವು. ಬೋರ್ಡೋವನ್ನು ಶೇ. ಅರ್ಧಕ್ಕೆ ಇಳಿಸಿ, ಗೊಂಚಲಿನ ಸುತ್ತಲಿನ ಎಲೆಗಳನ್ನು ಬೆಳಗಿನ ಬಿಸಿಲು ಬೀಳುವ ಪೂರ್ವದ ಬದಿಯಲ್ಲಿ ಮಾತ್ರ ತೆಗೆದು ಗಾಳಿಯಾಡಲು ಬಿಟ್ಟೆವು. ಪಶ್ಚಿಮದ ಬದಿಯಲ್ಲಿ ತೆಗೆದರೆ ಮಧ್ಯಾಹ್ನದ ಬಿಸಿಲಿಗೆ ಮಣಿ ಸುಡುತ್ತದೆ. ಗದಗಿನ ಗಾಳಿ ಎಲ್ಲ ಬೆಳೆಗೂ ಶತ್ರು, ಡೌನಿಗೂ ಶತ್ರು.

ಚಳಿಯಿಲ್ಲದ ನಾಡಿನ ಇನ್ನೊಂದು ತೊಡಕನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಕ್ಟೋಬರ್ ಚಾಟ್ನಿಯ ನಂತರ ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕವನ್ನು ಕಡ್ಡಿಗೆ ಹಚ್ಚುತ್ತಾರೆ. ಐರೋಪ್ಯ ಒಕ್ಕೂಟ ಇದನ್ನು ಅನುಮೋದಿಸಿಲ್ಲ. ಇದನ್ನು ಹಚ್ಚುವ ಆಳು ಅಂದು ಹನಿ ಮದ್ಯ ಕುಡಿದರೂ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ ಒದ್ದಾಡುತ್ತಾನೆ, ಏಕೆಂದರೆ ಮದ್ಯಸಾರ ದೇಹದಲ್ಲಿ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಕರಗಿಸುವ ಕಿಣ್ವವನ್ನು ಅದು ತಡೆಯುತ್ತದೆ. ವೈನ್ ಬೆಳೆಸುವ ಕೈಗಳಿಗೇ ವೈನ್ ನಿಷಿದ್ಧವಾಗುವ ಈ ವಿಚಿತ್ರವನ್ನು ಅವ್ವನಿಗೆ ಹೇಳಿದಾಗ ಆಕೆಗೆ ಬಹಳ ಸಮಾಧಾನವಾಯಿತು. ನಾವು ಅದನ್ನು ಬಳಸಲಿಲ್ಲ; ಕಣ್ಣುಗಳು ಹಿಂದೆಮುಂದೆ ಒಡೆದು, ಕೊಯ್ಲು ಮೂರು ಸಲ ಮಾಡಬೇಕಾಯಿತು.

ಪರವಾನಗಿಯಿಲ್ಲದೆ ಮನೆಯಲ್ಲಿ ವೈನ್ ಮಾಡುವಂತಿಲ್ಲ, ಆದ್ದರಿಂದ ನಮ್ಮ ಪರೀಕ್ಷೆ ರಸದಲ್ಲೇ ಮುಗಿಯಿತು. ರಸವನ್ನು ಹಿಂಡಿ, ಬ್ರಿಕ್ಸ್ ಮೀಟರಿನಲ್ಲಿ ಸಕ್ಕರೆ ನೋಡಿ, ಹಳೆಯ ಬ್ಯೂರೆಟ್ಟು ಹೊರತೆಗೆದು ಕಾಸ್ಟಿಕ್ ಸೋಡಾ ದ್ರಾವಣದಿಂದ ಆಮ್ಲ ಅಳೆದೆ. ಮೂರು ವರ್ಷಗಳಲ್ಲಿ ಶೆನಿನ್ ಬ್ಲಾಂಕ್ ನನ್ನನ್ನು ಗೆದ್ದಿತು. ಫ್ರಾನ್ಸಿನ ಲ್ವಾರ್ ಕಣಿವೆಯ ಈ ತಳಿಗೆ ಬಿಸಿಲಲ್ಲೂ ಹುಳಿ ಹಿಡಿದಿಟ್ಟುಕೊಳ್ಳುವ ಗುಣವಿದೆ. 22 ಬ್ರಿಕ್ಸ್ ತಲುಪಿದಾಗಲೂ ಲೀಟರಿಗೆ 7 ಗ್ರಾಂ ಆಮ್ಲ ಉಳಿದಿತ್ತು. ಹುದುಗಿಸಿದರೆ ಸುಮಾರು ಶೇ. 12 ಮದ್ಯಸಾರ ಬರುವ ಹದ ಅದು. ಕ್ಯಾಬರ್ನೆಯದು ಉಲ್ಟಾ: ಸಕ್ಕರೆ 24 ದಾಟಿದರೂ ಬೀಜ ಕಡಿದರೆ ಹಸಿರು, ಕಹಿ, ಒಗರು. ಬಿಸಿಲಿನಲ್ಲಿ ಸಕ್ಕರೆ ಓಡುತ್ತದೆ, ಬೀಜ ಮತ್ತು ಸಿಪ್ಪೆ ಹಿಂದೆ ಉಳಿಯುತ್ತವೆ. ಇನ್ನು ಬೇರುಸಸಿಯ ವಿಷಯದಲ್ಲಿ ನನ್ನ ಹಟ ಫಲ ಕೊಟ್ಟಿತು. ಡಾಗ್ರಿಜ್ ಮೇಲಿನ ಶಿರಾಜಿನ ರಸದ ಪಿಎಚ್ 3.9, ಪಕ್ಕದ ಸಾಲಿನಲ್ಲೇ 110ಆರ್ ಮೇಲಿನ ಶಿರಾಜಿನದು 3.6. ಡಾಗ್ರಿಜ್ ಬೇರು ಪೊಟ್ಯಾಸಿಯಮ್ಮನ್ನು ಹೆಚ್ಚು ಎಳೆಯುತ್ತದೆ, ಅದು ರಸದ ಆಮ್ಲವನ್ನು ತಟಸ್ಥಗೊಳಿಸುತ್ತದೆ; ಪಿಎಚ್ ಏರಿದ ವೈನು ಬೇಗ ಕೆಡುತ್ತದೆ, ಅದನ್ನು ಕಾಪಾಡಲು ಗಂಧಕದ ಡೈಆಕ್ಸೈಡ್ ಹೆಚ್ಚು ಹಾಕಬೇಕಾಗುತ್ತದೆ. ಬರಕ್ಕೆ ಗಟ್ಟಿಯಾದ ಬೇರು ಬಾಟಲಿಯಲ್ಲಿ ರಾಸಾಯನಿಕವನ್ನು ಹೆಚ್ಚಿಸುತ್ತದೆ ಎಂಬುದನ್ನು ಯಾವ ಪುಸ್ತಿಕೆಯೂ ನನಗೆ ಹೇಳಿರಲಿಲ್ಲ.

ವೈನರಿಯೊಳಗಿನ ಸುಸ್ಥಿರತೆಯನ್ನು ನಾನು ನೋಡಿದ್ದು ಒಂದೇ ದಿನ, ಹಣ್ಣು ಹಾಕಲು ಹೋದಾಗ. ಬಿಳಿ ವೈನನ್ನು 12ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿಸಬೇಕು, ಹೊರಗೆ 34 ಡಿಗ್ರಿ. ಕರೆಂಟಿನ ದೊಡ್ಡ ಖರ್ಚು ಆ ತಂಪಿಗೇ. ನಸುಕಿನಲ್ಲಿ ಕೊಯ್ದು ಬಿಸಿಲೇರುವ ಮುನ್ನ ತಲುಪಿಸಿದರೆ ಅಷ್ಟು ಕರೆಂಟು ಉಳಿಯಿತೆಂದು ಅಲ್ಲಿನವರು ಹೇಳಿದರು. ಟ್ಯಾಂಕು ತೊಳೆಯುವ ನೀರು ವೈನಿನ ಹಲವು ಪಟ್ಟು. ಹಿಂಡಿ ಉಳಿದ ಹಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು, ಅದು ಸರಿ. ಆದರೆ ಹೆಚ್ಚು ಬೆಲೆಯ ವೈನಿಗೆ ಅವರು ಬಳಸುತ್ತಿದ್ದ ಖಾಲಿ ಬಾಟಲಿಯನ್ನು ಕೈಯಲ್ಲಿ ಹಿಡಿದಾಗ ಮಣಿಕಟ್ಟು ನೋಯುವಷ್ಟು ಭಾರ. ಮುಕ್ಕಾಲು ಲೀಟರ್ ವೈನ್ ಹಿಡಿಯಲು 400 ಗ್ರಾಂ ಗಾಜು ಸಾಕು. ಗಾಂಭೀರ್ಯಕ್ಕೆಂದು 800 ಗ್ರಾಂ ಬಳಸುತ್ತಾರೆ. ಗಾಜು ಕರಗಿಸುವ ಬೆಂಕಿ, ಸಾಗಿಸುವ ಡೀಸೆಲ್ಲು ಎರಡೂ ಅದರ ಜೊತೆ ಇಮ್ಮಡಿಯಾಗುತ್ತವೆ.

2025ರ ಫೆಬ್ರವರಿಯಲ್ಲಿ ಒಬ್ಬ ಖರೀದಿದಾರರು ಬೆಳಿಗ್ಗೆ ಫೋನಿನಲ್ಲಿ ಒಪ್ಪಿದ್ದ ಕ್ಯಾಬರ್ನೆಯನ್ನು ಸಂಜೆ ಬೇಡವೆಂದರು. ಲಿಖಿತ ಕರಾರಿರಲಿಲ್ಲ. ಬೀಜವಿರುವ, ಬಟಾಣಿಯಷ್ಟು ಸಣ್ಣ ಮಣಿಯ ಈ ಹಣ್ಣನ್ನು ಗದಗಿನ ಪೇಟೆಯಲ್ಲಿ ಯಾರೂ ಮುಟ್ಟಲಿಲ್ಲ, ಒಣಗಿಸಲೂ ಬರುವುದಿಲ್ಲ. ಥಾಮ್ಸನ್ ಬೆಳೆದವನಿಗೆ ಪೇಟೆ ಬಿದ್ದರೆ ಒಣದ್ರಾಕ್ಷಿಯ ದಾರಿಯಾದರೂ ಇದೆ, ವೈನ್ ದ್ರಾಕ್ಷಿಗೆ ಬಾಗಿಲು ಒಂದೇ. 2009ರ ಸುಮಾರಿಗೆ ಮಹಾರಾಷ್ಟ್ರದಲ್ಲಿ ವೈನರಿಗಳು ಕೊಳ್ಳುವುದನ್ನು ನಿಲ್ಲಿಸಿದಾಗ ರೈತರು ವೈನ್ ಬಳ್ಳಿಗಳನ್ನು ಕಿತ್ತು ತಿನ್ನುವ ದ್ರಾಕ್ಷಿಗೆ ಮರಳಿದ್ದನ್ನು ತಾಸಗಾಂವದ ಕಸಿಗಾರರು ನಮಗೆ ಮೊದಲೇ ಹೇಳಿದ್ದರು. ನಾವು ಕೇಳಿಸಿಕೊಂಡಿರಲಿಲ್ಲ. ಮೂರು ಕ್ವಿಂಟಲ್ ಕ್ಯಾಬರ್ನೆಯನ್ನು ಕುದಿಸಿ ರಸ ಮಾಡಿ ಬಂಧುಗಳಿಗೆಲ್ಲ ಹಂಚಿದೆವು. ಅವ್ವ ಒಂದು ಲೋಟ ಕುಡಿದು, "ಇದರಾಗ ಏನೂ ಇಲ್ಲ ಹೌದಲ್ಲೋ?" ಎಂದು ಎರಡು ಸಲ ಕೇಳಿ, ಇನ್ನೊಂದು ಲೋಟ ಹಾಕಿಸಿಕೊಂಡಳು.

ಈ ಸೆಪ್ಟೆಂಬರಿನಲ್ಲಿ ಕ್ಯಾಬರ್ನೆಯ ಬಳ್ಳಿಗಳನ್ನು ಬುಡಕ್ಕೆ ಕತ್ತರಿಸಿ ಅವುಗಳ ಮೇಲೆ ಶೆನಿನ್ ಕಸಿ ಕಟ್ಟಿಸುವುದೆಂದು ತೀರ್ಮಾನಿಸಿದ್ದೇವೆ. ಡಾಗ್ರಿಜ್ ಮೇಲಿನ ಶಿರಾಜನ್ನು ತೆಗೆದು, 110ಆರ್‌ನ ಎರಡು ಸಾಲು ಮಾತ್ರ ಉಳಿಯುತ್ತವೆ. ತೆರವಾದ ಜಾಗದಲ್ಲಿ ಬೆಂಗಳೂರು ಬ್ಲೂ ಹಚ್ಚೋಣವೆಂದು ನಾನು ಹೇಳಿದ್ದೇನೆ, ಅಳಿಯ ಇನ್ನೂ ಹೂಂ ಅಂದಿಲ್ಲ. ಹೊಂಡದ ಮೇಲೆ ನೆರಳು ಬಲೆ ಕಟ್ಟಿಸಿದ್ದಾನೆ. ಎರಡು ವರ್ಷ ಸತತವಾಗಿ ಏಪ್ರಿಲ್ ಒಂದರಂದು ಗಳದ ಮೇಲೆ ಮೂರು ಲಕ್ಷ ಲೀಟರಿನ ಗೆರೆ ಮುಳುಗಿದ್ದರೆ ಇನ್ನು ಹತ್ತು ಗುಂಟೆ ವಿಸ್ತರಿಸುವುದು, ಇಲ್ಲವಾದರೆ ಇಪ್ಪತ್ತಕ್ಕೇ ನಿಲ್ಲಿಸುವುದು ಎಂದು ಅವನ ವಹಿಯ ಮೊದಲ ಪುಟದಲ್ಲಿ ಬರೆಸಿ, ನಾವಿಬ್ಬರೂ ಸಹಿ ಹಾಕಿದ್ದೇವೆ.